ಕೋಲಾರದ ಗಣಿಯೂ ಗ್ಯಾಮಾ ಕಿರಣವೂ

ಕೋಲಾರದ ಚಿನ್ನದ ಗಣಿಯ ಚರಿತ್ರೆಯೆಂದರೆ ಜಾನ್ ಟೇಲರ್ ಕಂಪನಿ, 1902ರಲ್ಲಿ ಶಿವನಸಮುದ್ರದಿಂದ ಬಂದ ವಿದ್ಯುತ್ತು, ಕೂಲಿಕಾರರ ಬವಣೆ, 2001ರ ಮುಚ್ಚುಗಡೆ. ಇಷ್ಟನ್ನೇ ನಾವು ತರಗತಿಗಳಲ್ಲಿ ಹೇಳುತ್ತ ಬಂದಿದ್ದೇವೆ. ಅದೇ ಗಣಿ ದಶಕಗಳ ಕಾಲ ಭೌತವಿಜ್ಞಾನದ ಪ್ರಯೋಗಶಾಲೆಯೂ ಆಗಿದ್ದಿತೆಂಬುದನ್ನು ಇತಿಹಾಸದ ಅಧ್ಯಾಪಕರು ಎತ್ತಿ ಹೇಳುವುದು ವಿರಳ.

ನಂಜನಗೂಡಿನಲ್ಲಿ 1925ರಲ್ಲಿ ಜನಿಸಿದ ಬಿ. ವಿ. ಶ್ರೀಕಂಠನ್ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು ಸೇರಿ, 1951ರಲ್ಲಿ ಹೋಮಿ ಭಾಭಾ ಅವರ ಸೂಚನೆಯಂತೆ ಉಪಕರಣಗಳೊಡನೆ ಈ ಗಣಿಗಿಳಿದರು. ಆಕಾಶದಿಂದ ಬರುವ ವಿಶ್ವಕಿರಣಗಳನ್ನರಸಿ ಪಾತಾಳಕ್ಕಿಳಿಯುವುದು ವಿಚಿತ್ರವೆನಿಸಬಹುದು. ಆದರೆ ಅಲ್ಲಿ ಬಂಡೆಯೇ ಜರಡಿ. ಆ ಕಿರಣಗಳಿಂದ ಹುಟ್ಟಿದ ಮ್ಯೂಆನ್ ಕಣಗಳಲ್ಲಿ ಅತ್ಯಧಿಕ ಶಕ್ತಿಯುಳ್ಳವು ಮಾತ್ರವೇ ಆಳವನ್ನು ಮುಟ್ಟುತ್ತವೆ. 1965ರಲ್ಲಿ ಸುಮಾರು 2.3 ಕಿಲೋಮೀಟರು ಆಳದಲ್ಲಿ ವಾತಾವರಣದ ನ್ಯೂಟ್ರಿನೊಗಳ ಕುರುಹು ದೊರೆಯಿತು. ಗೋಕಾಕ, ಮೂಡಲಗಿ, ಹುಕ್ಕೇರಿಗಳ ವಿದ್ಯಾರ್ಥಿಗಳು ಈ ಆಳವನ್ನು ಹೀಗೆ ಊಹಿಸಿಕೊಳ್ಳಬಹುದು: ಗೋಕಾಕದ ಜಲಪಾತವನ್ನು ಒಂದರ ಮೇಲೊಂದು ನಲವತ್ತಕ್ಕೂ ಹೆಚ್ಚು ಸಲ ಪೇರಿಸಬೇಕು. ಆ ಕಾರ್ಯದಲ್ಲಿ ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳೂ ಭಾಗಿಗಳು. ಅದೇ ವರ್ಷ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿಯೂ ಇಂಥದೇ ಫಲ ದೊರೆತುದರಿಂದ ಮೊದಲಿಗರಾರೆಂಬ ಚರ್ಚೆಯುಂಟು. ಅದು ನಮಗೆ ಅಷ್ಟು ಮುಖ್ಯವಾಗಿ ತೋರುವುದಿಲ್ಲ.

ಮುಖ್ಯವಾದುದು ಮುಂದಿನ ಪ್ರಶ್ನೆ: ಈ ಕಿರಣಗಳ ತವರು ಯಾವುದು? ವಿದ್ಯುದಂಶವುಳ್ಳ ಕಣಗಳು ನಕ್ಷತ್ರಲೋಕದ ಕಾಂತಕ್ಷೇತ್ರಗಳಲ್ಲಿ ಬಾಗಿ ದಿಕ್ಕುಗೆಡುತ್ತವೆ. ಗ್ಯಾಮಾ ಕಿರಣ ಬಾಗದು. ಅದು ವಾತಾವರಣಕ್ಕೆ ಬಡಿದಾಗ ಕಣಗಳ ಸುರಿಮಳೆಯೊಂದು ಹುಟ್ಟಿ, ಸೆಕೆಂಡಿನ ಕೆಲವೇ ಶತಕೋಟಿಯ ಪಾಲಿನಷ್ಟು ಹೊತ್ತು ನೀಲಿ ಬೆಳಕು ಚಿಮ್ಮುತ್ತದೆ. ಚಂದ್ರನಿಲ್ಲದ ರಾತ್ರಿಗಳಲ್ಲಿ ಕನ್ನಡಿಗಳಿಂದ ಇದನ್ನು ಹಿಡಿಯಬೇಕು. 1952ರಲ್ಲಿ ಇಂಗ್ಲೆಂಡಿನಲ್ಲಿ ಗಾಲ್‌ಬ್ರೆತ್, ಜೆಲ್ಲಿ ಎಂಬವರು ಆ ಬೆಳಕನ್ನು ಮೊದಲು ಕಂಡದ್ದು ಕಸದ ಡಬ್ಬಿಯೊಳಗಿರಿಸಿದ ಕನ್ನಡಿಯಿಂದ! ಟಾಟಾ ಸಂಸ್ಥೆಯವರು ಉದಕಮಂಡಲದಲ್ಲಿಯೂ ಬಳಿಕ ಪಚಮಢಿಯಲ್ಲಿಯೂ ಈ ವಿಧಾನವನ್ನು ಬೆಳೆಸಿದರು. 1965ರ ತಂಡದವರೇ ಆದ ಪಿ. ವಿ. ರಮಣಮೂರ್ತಿ, ವೂಲ್ಫೆಂಡೇಲ್ ಇಬ್ಬರೂ 1986ರಲ್ಲಿ ಗ್ಯಾಮಾ ಕಿರಣ ಖಗೋಳವಿಜ್ಞಾನವನ್ನು ಕುರಿತು ಗ್ರಂಥ ಬರೆದುದನ್ನು ನೋಡಿದರೆ, ಗಣಿಗೂ ಕನ್ನಡಿಗೂ ನಡುವಣ ಸಂಬಂಧ ಆಕಸ್ಮಿಕವಲ್ಲವೆಂದು ತಿಳಿಯುತ್ತದೆ. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,270 ಮೀಟರು ಎತ್ತರದಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯೂ ಟಾಟಾ ಸಂಸ್ಥೆಯೂ ಕೂಡಿ ಏಳು ದೂರದರ್ಶಕಗಳನ್ನು ನಿಲ್ಲಿಸಿದುವು.

ಶ್ರೀಕಂಠನ್ 2019ರಲ್ಲಿ ತೀರಿಕೊಂಡರು. ಪ್ರಯೋಗದ ಫಲಿತಾಂಶಗಳು ವಿಜ್ಞಾನ ಪತ್ರಿಕೆಗಳಲ್ಲಿ ಉಳಿದಿವೆ. ಗಣಿಯವರ ನೆನಪುಗಳು ಹಾಗೆ ಉಳಿಯುವುದಿಲ್ಲ. ಅವನ್ನು ಬರೆದಿರಿಸಿಕೊಳ್ಳುವ ಕೆಲಸ ಭೌತವಿಜ್ಞಾನಿಗಳದಲ್ಲ, ನಮ್ಮದು.