ಸುಟ್ಟು ಹುಟ್ಟಿದ ಪಾವಟಣಿಗಿ

ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಮ್ಯೂಸಿಯಮ್ಮಿಗೆ ಹೋದವರು ಜೋರ್ಡನ್ ಪಾವಟಣಿಗಿ ಫೋಟೋ ತೆಗೀದ ಬರೂದಿಲ್ಲ. ಅಲ್ಲೆ ಡಾಕ್ಟರಕಿ ಓದ್ಲಿಕ್ಕೆ ಹೋಗಿರೋ ನಮ್ಮ ತಂಗಿ ಮಗಳೂ ಕಳಿಸ್ಯಾಳ. ಬಿಳಿ ಸಂಗಮರವರಿ ಕಲ್ಲು, ಬಂಗಾರದ ಬಣ್ಣದ ಗೋಡಿ, ಎರಡೂ ಕಡೆ ಒಡೆದು ಮ್ಯಾಲೆ ಹೋಗೋ ಮೆಟ್ಲು. "ಮೌಶಿ, ಇನ್ನೂರೈವತ್ತು ವರ್ಷದ್ದು" ಅಂತ ಬರದಿದ್ಲು. ಅರ್ಧಾ ಖರೆ ಅದು. ಉಳದರ್ಧಾ ಆ ಫೋಟೋದಾಗೇ ಅದ ನೋಡ್ರಿ.

ಈ ಅರಮನಿ ಕಟ್ಟಲಿಕ್ಕೆ ಹಚ್ಚಿದಾಕಿ ಎಲಿಜಬೆತ್ ರಾಣಿ, 1754ರಾಗ. ಕಟ್ಟಿದಾಂವ ಇಟಲಿ ಮೂಲದ ರಾಸ್ಟ್ರೆಲ್ಲಿ. ಕೆಲಸ ಮುಗಿಯೋದ್ರಾಗ ರಾಣಿನೇ ತೀರಿಕೊಂಡ್ಲು, ಇರೋ ಭಾಗ್ಯ ಆಕಿಗಿರಲಿಲ್ಲ. ಮೊದಲಿಗೆ ಇದು ರಾಯಭಾರಿಗಳು ಹತ್ತಿ ಬರೋ ಪಾವಟಣಿಗಿ. ಆಮ್ಯಾಲೆ ಜೋರ್ಡನ್ ಅನ್ನೋ ಹೆಸರು ಬಂತು. ಏಸು ಜೋರ್ಡನ್ ಹೊಳ್ಯಾಗ ದೀಕ್ಷಾಸ್ನಾನ ಮಾಡಿದ ಹಬ್ಬಕ್ಕ, ಜನವರಿ ಥಂಡ್ಯಾಗ, ರಾಜ ಇದೇ ಮೆಟ್ಲು ಇಳದು ನೇವಾ ಹೊಳಿಗೆ ಹೋಗ್ತಿದ್ದ. ಹೆಪ್ಪುಗಟ್ಟಿದ ಹೊಳಿ ಕೊರದು ನೀರಿಗೆ ಪೂಜಿ ಮಾಡೋರು. ನಮ್ಮ ಗಂಗಾಪೂಜಿ ನೆನಪಾತು ನನಗ.

1837ರ ಡಿಸೆಂಬರಿನ್ಯಾಗ ಅರಮನಿಗೆ ಬೆಂಕಿ ಹತ್ತಿತು. ಮೂವತ್ತು ತಾಸಿಗೂ ಹೆಚ್ಚು ಉರೀತು. ಸಿಪಾಯಿಗಳು ಚಿತ್ರ, ಖುರ್ಚಿ, ಸಾಮಾನೆಲ್ಲಾ ಹೊತ್ತು ತಂದು ಹೊರಗ ಹಿಮದಾಗ ಗುಡ್ಡಿ ಹಾಕಿದ್ರು. ಪಾವಟಣಿಗಿ ಹೊರಲಿಕ್ಕೆ ಆಗ್ತದೇನು? ಅದೂ ಹಾಳಾತು. ಫೋಟೋ ತೆಗಿಯೋ ವಿದ್ಯಾ ಜಗತ್ತಿಗೆ ಗೊತ್ತಾಗಿದ್ದೇ 1839ರಾಗ. ಅಂದಮ್ಯಾಲೆ ಬೆಂಕಿಗಿಂತ ಮೊದಲಿನ ಪಾವಟಣಿಗಿಯ ಒಂದು ಫೋಟೋನೂ ಇರ್ಲಿಕ್ಕೆ ಸಾಧ್ಯ ಇಲ್ಲ. ನಾವು ನೋಡೋ ಅಷ್ಟೂ ಫೋಟೋ ಎರಡನೇ ಜನ್ಮದ್ದು.

ತಿರಗಿ ಕಟ್ಟಿದಾಂವ ಸ್ಟಾಸೋವ್. ಹಳೇ ರೂಪ ಹಂಗೇ ಉಳಸಿದ, ಆದ್ರ ಗುರ್ತು ಬಿಟ್ಟಾನ. ಫೋಟೋ ದೊಡ್ಡದು ಮಾಡಿ ಮ್ಯಾಲಿನ ಕಂಬ ನೋಡ್ರಿ. ಬೂದಿ ಬಣ್ಣದ ಗ್ರಾನೈಟ್, ಒಂದೊಂದೂ ಅಖಂಡ ಕಲ್ಲು. ಮೊದಲಿದ್ದವು ಗುಲಾಬಿ ಬಣ್ಣದ ಗಿಲಾವಿನವು. ಕೈ ಹಿಡಿಯೋ ಕಟಾಂಜನ ಮೊದಲು ಬಂಗಾರದ ಮುಲಾಮಿನ ಕಂಚಿಂದು, ಈಗ ಬಿಳಿ ಕಲ್ಲು.

ಇಷ್ಟೆಲ್ಲಾ ಒಂದೂಕಾಲು ವರ್ಷದಾಗ ಮುಗಸ್ಯಾರ! ರಾಜನ ಹುಕುಮು. ಹೊರಗ ಹಾಡ್ಯಾ ಕೊರಿಯೋ ಥಂಡಿ, ಒಳಗ ಗೋಡಿ ಲಗೂ ಒಣಗಲಿ ಅಂತ ಕೆಂಡದಂಥಾ ಕಾವು, ಅದರಾಗ ಕೆಲಸ ಮಾಡಿ ಭಾಳ ಆಳು ಸತ್ರು ಅಂತ 1839ರಾಗ ಅಲ್ಲಿಗೆ ಹೋಗಿದ್ದ ಫ್ರಾನ್ಸಿನ ಕಸ್ಟೀನ್ ಬರದಾನ. ಅಂವಾ ಟೀಕಿ ಮಾಡೋದ್ರಾಗ ಮುಂದಿದ್ದಾಂವ, ಲೆಕ್ಕ ಸ್ವಲ್ಪ ಹೆಚ್ಚೂ ಇರಬಹುದು. ಆದ್ರೂ ಒಂದೂಕಾಲು ವರ್ಷ ಅಂದ್ರ ಯಾರ ಮೈ ಸವದಿತ್ತು ಅಂತ ಕೇಳೋ ಅವಶ್ಯಕತಿ ಇಲ್ಲ. ಫೋಟೋದಾಗ ಅವರ ನೆರಳೂ ಇಲ್ಲ.

1917ರ ಕ್ರಾಂತಿ ಆದಮ್ಯಾಲೆ ಅರಮನಿ ಮ್ಯೂಸಿಯಮ್ ಆತು, ಈಗ ಟಿಕೀಟು ತಗೊಂಡ ಯಾರ ಬೇಕಾದ್ರೂ ಹತ್ತಬಹುದು.

ನಿಮ್ಮ ಮಕ್ಕಳು ಯಾರರ ಹೋದ್ರ ಹೇಳ್ರಿ, ಬರೇ ಎದುರಿಗೆ ನಿಂತು ತೆಗೀಬ್ಯಾಡ್ರಿ ಅಂತ. ಒಂದು ಕಡೆ ಖರೇ ಕಿಡಕಿ, ಎದುರಿಗೆ ಕಿಡಕಿ ಹಂಗ ಕಾಣೋ ಕನ್ನಡಿ ಅವ, ಬೆಳಕು ಅದಕ್ಕ ದುಪ್ಪಟ್ಟು. ಆಮ್ಯಾಲೆ ಫೋನು ಸೀದಾ ಮ್ಯಾಲೆ ಮಾಡ್ರಿ. ಇಪ್ಪತ್ತೆರಡು ಮೀಟರ್ ಎತ್ತರದಾಗ ದೇವತೆಗಳ ಚಿತ್ರ ಅದ. ಮೊದಲಿನದು ಸುಟ್ಟ ಮ್ಯಾಲೆ, ಉಗ್ರಾಣದಾಗಿದ್ದ ಡಿಜಿಯಾನಿಯ ಚಿತ್ರ ಹುಡುಕಿ ತಂದು ಹಚ್ಯಾರ. ಅಳತಿಗೆ ಸಾಲಲಿಲ್ಲ, ಸುತ್ತಲ ಬಣ್ಣದಿಂದ ಚಿತ್ರ ಬರದು ತುಂಬಸ್ಯಾರ. ಗಿಡ್ಡ ಸೀರಿಗೆ ಅಂಚು ಕೂಡಿಸಿಧಾಂಗ.