ತಂಜಾವೂರಿನಿಂದ ಬಂದ ಓಲೆಯ ಕಟ್ಟು

ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಜನ್ಮ ತಳೆಯಿತಾದರೂ ಅದರ ಮಡಿಲಿಗೆ ಬಂದ ಪ್ರಾಚ್ಯ ಗ್ರಂಥಾಲಯವು ಅದಕ್ಕಿಂತ ಕಾಲು ಶತಮಾನದಷ್ಟು ಹಿರಿದು. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1891ರಲ್ಲಿ, ಸ್ಥಾಪಿತವಾದ ಈ ಭಂಡಾರದ ಹೆಸರು ಕಡಲಾಚೆಯ ವಿದ್ವಾಂಸರ ಬಾಯಲ್ಲಿ ನಲಿದುದು ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದೊಪ್ಪಿಸಿದ ಓಲೆಗರಿಯ ಕಟ್ಟೊಂದರಿಂದ.

ಓಲೆಯನ್ನು ಕೈಯಲ್ಲಿ ಹಿಡಿದವರು ಬಲ್ಲರು: ಕಬ್ಬಿಣದ ಕಂಟದಿಂದ ಕೊರೆದ ಅಕ್ಷರಗಳು ಬರಿಗಣ್ಣಿಗೆ ಸುಲಭವಾಗಿ ತೋರವು, ಮಸಿಯನ್ನು ಬಳಿದು ಒರಸಿದ ಮೇಲೆಯೇ ಗೆರೆಗಳೊಳಗೆ ಕಪ್ಪು ನಿಂತು ಪಂಕ್ತಿಗಳು ಮೈದೋರುವುವು. ಗ್ರಂಥಲಿಪಿಯ ಆ ಪಂಕ್ತಿಗಳನ್ನು ಓದುತ್ತ ಹೋದ, ಗ್ರಂಥಾಲಯದ ಪಾಲಕರಾಗಿದ್ದ ರುದ್ರಪಟ್ಣದ ಶಾಮಶಾಸ್ತ್ರಿಗಳಿಗೆ, ಅದುವರೆಗೆ ದಂಡಿ, ಬಾಣ ಮೊದಲಾದವರ ಉಲ್ಲೇಖಗಳಲ್ಲಷ್ಟೇ ಉಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರವು ಇಡಿಯಾಗಿ ಎದುರಾಯಿತು. ಅವರು 1905ರಿಂದ ಅನುವಾದವನ್ನು ಬಿಡಿಬಿಡಿಯಾಗಿ ಪತ್ರಿಕೆಗಳಲ್ಲಿ ಪ್ರಕಟಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಸಂಪೂರ್ಣ ಇಂಗ್ಲಿಷ್ ಭಾಷಾಂತರವನ್ನೂ ಅಚ್ಚು ಹಾಕಿಸಿದರು. ಭಾಷಾಂತರಕ್ಕೆ ಪೀಠಿಕೆ ಬರೆದವರು ಕನ್ನಡ ಶಾಸನಗಳಿಂದ ನಮಗೆ ಚಿರಪರಿಚಿತರಾದ ಫ್ಲೀಟರು.

ಜರ್ಮನಿಯಲ್ಲಂತೂ ಹಿಲ್ಲೆಬ್ರಾಂಟ್, ಯಾಕೋಬಿ, ಯೋಲಿ ಮೊದಲಾದ ಘನಪಂಡಿತರು ಈ ಗ್ರಂಥಕ್ಕೆ ಮುಗಿಬಿದ್ದರು. ಇದು ಚಂದ್ರಗುಪ್ತನ ಮಂತ್ರಿಯ ಕೃತಿಯೇ ಎಂದು ಯಾಕೋಬಿಯವರು ವಾದಿಸಿದರೆ, ಯೋಲಿಯವರು ಶ್ಮಿಟ್ಟರೊಡಗೂಡಿ ಲಾಹೋರಿನಲ್ಲಿ ಹೊರತಂದ ತಮ್ಮ ಪರಿಷ್ಕರಣದಲ್ಲಿ ಅದನ್ನು ಶತಮಾನಗಳಷ್ಟು ಈಚೆಗೆ ಎಳೆದರು. 1926ರಲ್ಲಿ ಮೈಯರ್ ಎಂಬವರ ಜರ್ಮನ್ ಭಾಷಾಂತರ ಹೊರಬಂದಿತು. ಆ ಕಾಲನಿರ್ಣಯದ ಕಲಹ ಇಂದಿಗೂ ಪೂರ್ತಿ ತಣಿದಿಲ್ಲ. ಪಂಡಿತರಿಗೆ ಅದು ನಷ್ಟವೇನಲ್ಲ.

ಶಾಸ್ತ್ರಿಗಳ ಭಾಷಾಂತರದಲ್ಲಿ ಕುಂದುಗಳಿಲ್ಲದಿಲ್ಲ. ಒಂದು ಮೂಲಪ್ರತಿಯನ್ನೂ ಭಟ್ಟಸ್ವಾಮಿಯ ವ್ಯಾಖ್ಯಾನದ ತುಣುಕೊಂದನ್ನೂ ನೆಚ್ಚಿ, ಅರ್ಥವೇ ಮರೆತುಹೋಗಿದ್ದ ನೂರಾರು ಪರಿಭಾಷೆಗಳೊಡನೆ ಸೆಣಸಿದವರು ಎಡವಿದ್ದು ಸೋಜಿಗವಲ್ಲ. ಅವರನ್ನು ತಿದ್ದಿದವರೆಲ್ಲರೂ ಅವರು ಸವೆಸಿದ ದಾರಿಯಲ್ಲೇ ನಡೆದುಬಂದವರು.

ಇನ್ನು ಆ ಓಲೆಯನ್ನು ತಂದುಕೊಟ್ಟ ಪಂಡಿತರನ್ನು ಶಾಸ್ತ್ರಿಗಳು ತಂಜಾವೂರು ಜಿಲ್ಲೆಯವರೆಂದಷ್ಟೇ ಹೇಳಿ ಹೆಸರನ್ನು ಬರೆಯದೆ ಬಿಟ್ಟರು. ಮನೆಯ ಅಟ್ಟದಲ್ಲಿ ಇಂಥ ಕಟ್ಟುಗಳನ್ನು ಗೆದ್ದಲಿಗೆ ಬಿಟ್ಟಿರುವ ಮಹನೀಯರು ಒಮ್ಮೆ ಅವನ್ನು ಕೆಳಗಿಳಿಸಿ ಓದಬಲ್ಲವರ ಕೈಗೆ ಒಪ್ಪಿಸಬೇಕೆಂದು ಬೇಡುತ್ತೇನೆ.