ಡಿಜಾಕ್ಸಿನ್: ನಾಡಿ ಎಣಿಸಿ ಕೊಡುವ ಔಷಧ

ಹೃದ್ರೋಗಕ್ಕೆ ಇಂದಿಗೂ ಬಳಕೆಯಲ್ಲಿರುವ ಔಷಧಗಳಲ್ಲಿ ಡಿಜಾಕ್ಸಿನ್ ತುಂಬ ಹಳೆಯ ಮನೆತನದ್ದು. ಸೋತ ಹೃದಯದ ಸಂಕೋಚನಕ್ಕೆ ಬಲ ಕೊಡುವುದು, ಓಡುವ ಬಡಿತಕ್ಕೆ ಕಡಿವಾಣ ಹಾಕುವುದು ಇದರ ಕೆಲಸ. ಆದರೆ ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವೆ ಇರುವ ಅಂತರ ಬಹಳ ಕಿರಿದು. ಹಾಗಾಗಿಯೇ ಮಾತ್ರೆ ಕೊಡುವ ಮುನ್ನ ನರ್ಸ್ ಪೂರ್ತಿ ಒಂದು ನಿಮಿಷ ಹೃದಯಬಡಿತ ಎಣಿಸಬೇಕೆಂಬ ನಿಯಮ ಹುಟ್ಟಿಕೊಂಡಿತು.

ಆ ಎಚ್ಚರಿಕೆಯ ಬೇರು 18ನೆಯ ಶತಮಾನದ ಇಂಗ್ಲೆಂಡಿನಲ್ಲಿದೆ. ಮೈಯಲ್ಲಿ ನೀರು ತುಂಬಿ ಬಾತುಕೊಳ್ಳುವ ಕಾಯಿಲೆಗೆ ಶ್ರಾಪ್‌ಶೈರ್‌ನ ಮುದುಕಿಯೊಬ್ಬಳು ಗುಟ್ಟಾಗಿ ಕೊಡುತ್ತಿದ್ದ ಮದ್ದಿನ ಸುದ್ದಿ 1775ರಲ್ಲಿ ವೈದ್ಯ ವಿಲಿಯಂ ವಿದರಿಂಗ್‌ನ ಕಿವಿಗೆ ಬಿತ್ತು. ಅದರಲ್ಲಿ 20ಕ್ಕೂ ಹೆಚ್ಚು ಬಗೆಯ ಗಿಡಮೂಲಿಕೆಗಳಿದ್ದವು. ಸಸ್ಯಶಾಸ್ತ್ರವನ್ನೂ ಬಲ್ಲ ವಿದರಿಂಗ್, ಅವುಗಳಲ್ಲಿ ಕೆಲಸ ಮಾಡುತ್ತಿರುವುದು ಫಾಕ್ಸ್‌ಗ್ಲವ್ ಎಂಬ ನೇರಳೆ ಹೂವಿನ ಗಿಡವೇ ಎಂದು ಗುರುತಿಸಿದ. ಹತ್ತು ವರ್ಷ ರೋಗಿಗಳನ್ನು ನೋಡಿ, 1785ರಲ್ಲಿ ತನ್ನ ಅನುಭವವನ್ನು ಪುಸ್ತಕವಾಗಿ ಪ್ರಕಟಿಸಿದ. ಗೆದ್ದ ಪ್ರಸಂಗಗಳ ಜೊತೆಗೆ ಸೋತವನ್ನೂ ಅದರಲ್ಲಿ ಬರೆದಿಟ್ಟ. ಮದ್ದು ಹೆಚ್ಚಾದರೆ ವಾಂತಿಯಾಗುತ್ತದೆ, ವಸ್ತುಗಳು ಹಸಿರಾಗಿ ಹಳದಿಯಾಗಿ ಕಾಣುತ್ತವೆ, ನಾಡಿ ನಿಮಿಷಕ್ಕೆ 35ಕ್ಕೆ ಇಳಿಯುವುದೂ ಉಂಟು ಎಂದು ಎಚ್ಚರಿಸಿದ. ಮೂತ್ರಪಿಂಡ, ಹೊಟ್ಟೆ, ನಾಡಿ, ಕರುಳು, ಇವುಗಳಲ್ಲಿ ಯಾವುದರ ಮೇಲಾದರೂ ಪರಿಣಾಮ ಕಾಣಿಸಿದೊಡನೆ ಮದ್ದು ನಿಲ್ಲಿಸಬೇಕೆಂಬುದು ಅವನ ಸೂತ್ರ. ಇಂದಿನ ಶುಶ್ರೂಷಾ ಪಠ್ಯಗಳು ಹೇಳುವ ವಿಷಲಕ್ಷಣಗಳಲ್ಲಿ ಮುಖ್ಯವಾದವೆಲ್ಲ ಅಲ್ಲಿ ಆಗಲೇ ಇದ್ದವು.

ಎಲೆಯ ಪುಡಿಯ ಕಾಲದಲ್ಲಿ ಪ್ರಮಾಣವೇ ದೊಡ್ಡ ತೊಡಕು. ಋತು ಬದಲಾದಂತೆ ಎಲೆಯ ಕಸುವೂ ಬದಲಾಗುತ್ತಿತ್ತು. 1930ರಲ್ಲಿ ಬರೋಸ್ ವೆಲ್‌ಕಮ್ ಸಂಸ್ಥೆಯ ಸಿಡ್ನಿ ಸ್ಮಿತ್, ಅದೇ ಕುಲದ ಡಿಜಿಟಾಲಿಸ್ ಲನಾಟಾ ಗಿಡದಿಂದ ಡಿಜಾಕ್ಸಿನ್ ಅನ್ನು ಶುದ್ಧವಾಗಿ ಬೇರ್ಪಡಿಸಿದ ಮೇಲೆ ಮಿಲಿಗ್ರಾಂ ಲೆಕ್ಕದ ಮಾತ್ರೆ ಸಾಧ್ಯವಾಯಿತು. ಅಷ್ಟಕ್ಕೇ ಸಮಸ್ಯೆ ಮುಗಿಯಲಿಲ್ಲ. 1969ರಲ್ಲಿ ರಕ್ತದಲ್ಲಿನ ಡಿಜಾಕ್ಸಿನ್ ಅಳೆಯುವ ಪರೀಕ್ಷೆ ಬಂತು. 1971ರಲ್ಲಿ ಅಮೆರಿಕದ ಸಂಶೋಧಕರು ಬೇರೆ ಬೇರೆ ತಯಾರಕರ, ಒಂದೇ ಪ್ರಮಾಣದ ಮಾತ್ರೆಗಳನ್ನು ಹೋಲಿಸಿದಾಗ ರಕ್ತದ ಮಟ್ಟದಲ್ಲಿ ಏಳು ಪಟ್ಟಿನವರೆಗೆ ವ್ಯತ್ಯಾಸ ಕಂಡಿತು. ಮಾತ್ರೆಯ ಬ್ರ್ಯಾಂಡನ್ನು ವೈದ್ಯರನ್ನು ಕೇಳದೆ ಬದಲಿಸಬಾರದೆಂಬ ಮಾತಿಗೆ ಹೀಗೆ ಆಧಾರ ಸಿಕ್ಕಿತು.

ವಾರ್ಡಿನಲ್ಲಿ ನರ್ಸ್ ಮಣಿಕಟ್ಟಿನ ನಾಡಿಯನ್ನಷ್ಟೇ ನೆಚ್ಚುವುದಿಲ್ಲ. ಬಡಿತ ಲಯ ತಪ್ಪಿದಾಗ ಕೆಲವು ಬಡಿತಗಳು ಕೈಯವರೆಗೆ ತಲುಪುವುದೇ ಇಲ್ಲ. ಆದ್ದರಿಂದ ಎದೆಯ ಎಡಭಾಗದಲ್ಲಿ, ಐದನೆಯ ಪಕ್ಕೆಲುಬಿನ ಕೆಳಗಿನ ಸಂದಿನಲ್ಲಿ ಸ್ಟೆತಾಸ್ಕೋಪ್ ಇಟ್ಟು 60 ಸೆಕೆಂಡು ಎಣಿಸಬೇಕು. ವಯಸ್ಕರಲ್ಲಿ ಎಣಿಕೆ 60ಕ್ಕಿಂತ ಕಡಿಮೆ ಬಂದರೆ ಮಾತ್ರೆಯನ್ನು ತಡೆಹಿಡಿದು ವೈದ್ಯರಿಗೆ ತಿಳಿಸುವುದು ರೂಢಿ.

ಎರಡನೆಯ ಕಾವಲು ಪೊಟ್ಯಾಸಿಯಂ ಮೇಲೆ. ಡಿಜಾಕ್ಸಿನ್ ಜೀವಕೋಶದ ಸೋಡಿಯಂ-ಪೊಟ್ಯಾಸಿಯಂ ಪಂಪನ್ನು ತಡೆಯುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಇಳಿದಾಗ ಅದರ ಹಿಡಿತ ಇನ್ನೂ ಬಿಗಿಯಾಗುತ್ತದೆ. ಹೃದ್ರೋಗಿಗಳಿಗೆ ಜೊತೆಯಲ್ಲೇ ಕೊಡುವ ಫ್ಯೂರೋಸೆಮೈಡ್, ಮೂತ್ರದೊಂದಿಗೆ ಪೊಟ್ಯಾಸಿಯಂ ಅನ್ನೂ ಹೊರಹಾಕುತ್ತದೆ. ಹಾಗಾಗಿ ರಕ್ತಪರೀಕ್ಷೆಯ ವರದಿ ನೋಡದೆ ಈ ಜೋಡಿಯನ್ನು ಮುಂದುವರಿಸುವುದು ಅಪಾಯ. ಔಷಧ ದೇಹದಿಂದ ಹೊರಹೋಗುವುದು ಮುಖ್ಯವಾಗಿ ಮೂತ್ರಪಿಂಡದ ಮೂಲಕ. ಆರೋಗ್ಯವಂತರಲ್ಲೂ ಅರ್ಧ ಭಾಗ ಕರಗಲು 36ರಿಂದ 48 ಗಂಟೆ ಬೇಕು. ವಯಸ್ಸಾದವರಲ್ಲಿ ಇನ್ನೂ ತಡ.

ಮಕ್ಕಳ ವಾರ್ಡಿನಲ್ಲಿ ಎಚ್ಚರ ಇಮ್ಮಡಿಯಾಗಬೇಕು. ದಶಮಾಂಶದ ಒಂದು ಚುಕ್ಕಿ ಜರುಗಿದರೂ ಕೂಸಿಗೆ ಹತ್ತು ಪಟ್ಟು ಔಷಧ ಹೋಗುತ್ತದೆ. ಅದಕ್ಕೇ ಅನೇಕ ಆಸ್ಪತ್ರೆಗಳಲ್ಲಿ ಇಬ್ಬರು ನರ್ಸ್‌ಗಳು ಪ್ರತ್ಯೇಕವಾಗಿ ಲೆಕ್ಕಹಾಕಿ ತಾಳೆ ನೋಡುತ್ತಾರೆ. ಮಗು ಕಕ್ಕಿದರೆ ಮತ್ತೆ ಕೊಡುವುದಿಲ್ಲ. ಎಷ್ಟು ಒಳಗೆ ಹೋಗಿದೆ ಎಂದು ಹೇಳಲಾಗದು.

ವಿಷವೇರಿದಾಗ ರಕ್ತದಲ್ಲಿನ ಡಿಜಾಕ್ಸಿನ್ ಅನ್ನು ಹಿಡಿದು ಕಟ್ಟಿಹಾಕುವ ಪ್ರತಿಕಾಯದ ಚಿಕಿತ್ಸೆಯನ್ನು ಮನುಷ್ಯರ ಮೇಲೆ ಮೊದಲು ಬಳಸಿದ ವರದಿ ಬಂದದ್ದು 1976ರಲ್ಲಿ. ಅದು ದಕ್ಷಿಣ ಏಷ್ಯಾಕ್ಕೂ ಸಂಬಂಧಪಟ್ಟ ಮಾತು. ನಮ್ಮ ಬೇಲಿಗಳಲ್ಲಿ ಬೆಳೆಯುವ ಹಳದಿ ಕಣಗಿಲೆಯ ಬೀಜದಲ್ಲಿ ಇದೇ ಜಾತಿಯ ವಿಷವಿದೆ. ಆ ಬೀಜ ತಿಂದವರಿಗೂ ಈ ಪ್ರತಿವಿಷ ಫಲ ಕೊಡುತ್ತದೆಂದು ಶ್ರೀಲಂಕಾದ ಅಧ್ಯಯನವೊಂದು 2000ದಲ್ಲಿ ತೋರಿಸಿತು.

1997ರಲ್ಲಿ ಪ್ರಕಟವಾದ, 6800 ರೋಗಿಗಳ ಅಧ್ಯಯನದಲ್ಲಿ ಡಿಜಾಕ್ಸಿನ್ ಸಾವಿನ ಪ್ರಮಾಣವನ್ನು ತಗ್ಗಿಸಲಿಲ್ಲ, ಆದರೆ ಹೃದಯ ವೈಫಲ್ಯಕ್ಕಾಗಿ ಆಸ್ಪತ್ರೆ ಸೇರುವುದನ್ನು ಕಡಿಮೆ ಮಾಡಿತು. ಆಮೇಲೆ ಇದರ ಬಳಕೆ ಇಳಿಯಿತು. ಹಿಂದೆ 2 ನ್ಯಾನೋಗ್ರಾಂವರೆಗೆ ಒಪ್ಪುತ್ತಿದ್ದ ರಕ್ತದ ಮಟ್ಟವನ್ನು ಹೃದಯ ವೈಫಲ್ಯದಲ್ಲಿ ಈಗ ಮಿಲಿಲೀಟರಿಗೆ 0.5ರಿಂದ 0.9ರೊಳಗೆ ಇಡುತ್ತಾರೆ. ಮನೆಯಲ್ಲಿ ಈ ಮಾತ್ರೆ ನುಂಗುವವರು ತಪ್ಪಿದ ಡೋಸಿಗೆ ಬದಲಾಗಿ ಎರಡನ್ನು ಒಟ್ಟಿಗೆ ತೆಗೆದುಕೊಳ್ಳಬಾರದು. ಊಟ ಸೇರದಿದ್ದರೆ, ವಾಂತಿ ಬಂದರೆ, ದೀಪದ ಸುತ್ತ ಹಳದಿ ಬಳೆ ಕಂಡರೆ, ಮುಂದಿನ ಮಾತ್ರೆಗೆ ಮೊದಲು ವೈದ್ಯರನ್ನು ಕಾಣಬೇಕು.